ನಲ್ಲಿ ಚಿಕ್ಕಣ್ಣ

ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಲೇ ಬೆಟ್ಟಯ್ಯ ಹೇಳಿದ: "ಹಿಂದಿನ ಸಂದೀಲೇ ಎತ್ಕೊಂಡು ಹೋಗ್ಬಿಡೋಣ. ಯಾರಿಗೂ ರಗಳೆ ಇರಲ್ಲ."

"ಬೇಡ ಮಾವ. ಕ್ರಾಸ್ ಮೇಲೇ ಹೋಗ್ಲಿ," ಎಂದಳು ವರಲಕ್ಷ್ಮಿ.

ಸೋದರಮಾವ ತಲೆಯೆತ್ತಿ ಅಕ್ಕನ ಮುಖ ನೋಡಿದ. ಚಿಕ್ಕಗಂಗಮ್ಮ ಗಂಡನ ಹೆಣದ ಕಾಲ ಬಳಿ ಕೂತಿದ್ದಳು. ಬೆಳಗಿನಿಂದ ಅತ್ತೂ ಅತ್ತೂ ಅವಳಿಗೆ ಮಾತೇ ಭಾರವಾಗಿತ್ತು. "ಅವ್ರೇ ಆ ಕಡೆ ಕಾಲಿಡ್ತಿರ್ಲಿಲ್ಲ. ಇವತ್ತು ಯಾಕೆ ಕಣೇ ಹಟ?"

"ಅದಕ್ಕೇ ಅಮ್ಮ."

ಅತ್ತಿಗುಪ್ಪೆಯ ಆ ವಠಾರದಿಂದ ಮೇನ್ ರೋಡಿಗೆ ಎರಡು ದಾರಿ. ಮುಂದಿನದು ಕ್ರಾಸ್: ಎರಡೂ ಕಡೆ ಗೇಟು, ತುಳಸಿಕಟ್ಟೆ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಮನೆಗಳು. ಹಿಂದಿನದು ಆ ಮನೆಗಳ ಬಚ್ಚಲ ನೀರು ಹರಿಯುವ ಸಂದಿ. ಚಿಕ್ಕಣ್ಣ ವರ್ಷಗಟ್ಟಲೆ ಓಡಾಡಿದ್ದು ಸಂದಿಯಲ್ಲೇ. ಕ್ರಾಸಿನಲ್ಲಿ ಅವನ ತಲೆ ಕಂಡರೆ ಸಾಕು, ಯಾವುದಾದರೊಂದು ಜಗಲಿಯಿಂದ "ಚಪ್ಪಲಿ ಒಳಗಿಡೇ" ಎಂಬ ಕೂಗು ಬರುತ್ತಿತ್ತು. ಪುಟ್ಟ ಮಗಳ ಕೈ ಹಿಡಿದು ಹೋಗುವಾಗ ಒಮ್ಮೆ ಆ ಕೂಗು ಕೇಳಿದವನು ಆಮೇಲೆ ಆ ದಾರಿಯನ್ನೇ ಬಿಟ್ಟ.

ಜ್ಞಾನಭಾರತಿಯಲ್ಲಿ ವರಲಕ್ಷ್ಮಿಯ ಜತೆ ಸಮಾಜಶಾಸ್ತ್ರ ಎಂ.ಎ. ಓದುವ ಚೇತನಾ ಹೂವಿನ ಹಾರ ಹಿಡಿದು ಬಂದಿದ್ದಳು. ಹಾವೇರಿ ಕಡೆಯ ಹುಡುಗಿ. ಮೆಲ್ಲಗೆ ಕೇಳಿದಳು: "ಎಲ್ಲಾರೂ ನಲ್ಲಿ ಚಿಕ್ಕಣ್ಣ ಅನ್ನಾಕತ್ತಾರಲ್ಲ, ನಿಮ್ಮ ಅಪ್ಪಾರು ಪ್ಲಂಬರ್ ಇದ್ರೇನು?"

"ಹ್ಞೂಂ. ಸ್ವಲ್ಪ ದಿನ ಇದ್ರು," ಎಂದಳು ವರಲಕ್ಷ್ಮಿ. ಅದು ಸುಳ್ಳಲ್ಲ. ನಿಜವನ್ನು ಪೂರ್ತಿ ಹೇಳಲು ಅವಳಲ್ಲಿ ಶಕ್ತಿಯಿರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಚಿಕ್ಕಣ್ಣ, ಕೆಲಸಕ್ಕೆ ಹೋದ ಮನೆಯೊಂದರಿಂದ ಒಂದು ಹಿತ್ತಾಳೆ ನಲ್ಲಿಯನ್ನು ಜೇಬಿಗಿಳಿಸಿಕೊಂಡು ಬಂದಿದ್ದ. ಸಿಕ್ಕಿಬಿದ್ದ. ಠಾಣೆಯಲ್ಲಿ ಕೂತು ಬಂದ. ನಲ್ಲಿ ಅವತ್ತೇ ವಾಪಸಾಯಿತು, ಹೆಸರು ಮಾತ್ರ ಇವನ ಬಳಿ ಉಳಿಯಿತು. ಯಾರೂ ಮನೆಯೊಳಗೆ ಬಿಟ್ಟುಕೊಳ್ಳದಾದರು, ಪ್ಲಂಬಿಂಗ್ ಕೆಲಸ ನಿಂತಿತು. ಹೊಟ್ಟೆಪಾಡಿಗೆ ಗುಜರಿ ಅಂಗಡಿ ಸೇರಿದ. ಸೇರಿದ್ದೇ ತಡ, ನಾವು ಅವತ್ತೇ ಹೇಳಿರಲಿಲ್ವಾ ಎಂದರು ಜನ. ಆಗ ಸೈಕಲ್ಲು, ಈಗ ಮೊಬೈಲು, ಬಡಾವಣೆಯಲ್ಲಿ ಏನು ಕಳೆದರೂ ಪೊಲೀಸರು ಮೊದಲು ಬರುತ್ತಿದ್ದುದು ಅವನ ಬಾಗಿಲಿಗೆ. ಇನ್ನೊಂದು ಕಳವು ಅವನು ಮಾಡಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ.

ಕಳೆದ ವರ್ಷ ವರಲಕ್ಷ್ಮಿ ಪರೀಕ್ಷೆಗೆ ಓದುವಾಗ ಅವನು ಹೊಸಿಲ ಬಳಿ ಕೂತು ಬೀಡಿ ಸೇದುತ್ತಿದ್ದ.

"ಏನಮ್ಮ ಅದು, ಅಷ್ಟು ದಪ್ಪ?"

"ಜನ ಯಾಕೆ ತಪ್ಪು ಮಾಡ್ತಾರೆ ಅಂತಪ್ಪ. ಆಸೆ ಎಲ್ರಿಗೂ ಹುಟ್ಸಿ, ದಾರಿ ಮಾತ್ರ ಕೆಲವ್ರಿಗೇ ಬಿಟ್ರೆ ಕಳ್ತನ ಆಗುತ್ತೆ ಅಂತ ಒಬ್ರು. ಸಹವಾಸದಿಂದ ಕಲೀತಾರೆ ಅಂತ ಇನ್ನೊಬ್ರು. ಒಂದ್ಸಲ ಕಳ್ಳ ಅಂತ ಹಣೆಪಟ್ಟಿ ಹಚ್ಚಿದ್ರೆ ಜನಾನೇ ಅವನನ್ನ ಕಳ್ಳನ್ನ ಮಾಡ್ತಾರೆ ಅಂತ ಮತ್ತೊಬ್ರು." ಅವಳು ಪುಸ್ತಕ ಮಡಿಚಿ ಕೇಳಿದಳು. "ನೀನ್ಯಾಕಪ್ಪ ತಗೊಂಡೆ?"

ಚಿಕ್ಕಣ್ಣ ಬೀಡಿಯ ಬೂದಿ ಕೊಡವಿದ. "ಹೊಳೀತಿತ್ತು ಕಣಮ್ಮ."

ಅವಳಿಗೆ ನಗು ಬಂತು. ಅವನೂ ನಕ್ಕ.

"ಆ ಹಣೆಪಟ್ಟಿದು ಪರೀಕ್ಷೇಲಿ ಬರುತ್ತಾ?"

"ಬರುತ್ತಪ್ಪ."

"ಚೆನ್ನಾಗಿ ಬರಿ ಮತ್ತೆ. ನಿಂಗಾದ್ರೂ ಉಪಯೋಗಕ್ಕೆ ಬರ್ಲಿ."

*

ಕೊನೆಗೆ ಬೆಟ್ಟಯ್ಯನೇ ಸೋತ. "ಆಯ್ತು, ಎತ್ರಪ್ಪ. ಕ್ರಾಸ್ ಮೇಲೇ ನಡೀರಿ."

ಎತ್ತುವಾಗ, ಶಾಸ್ತ್ರಕ್ಕೆಂದು ಅಪ್ಪನ ಹಣೆಗೆ ಅಂಟಿಸಿದ್ದ ನಾಣ್ಯ ಬಿಸಿಲಿಗೆ ಹೊಳೆಯಿತು. ಮುಂದೆ ತಮಟೆಯವರು, ಹಿಂದೆ ನಾಲ್ವರ ಹೆಗಲ ಮೇಲೆ ಚಿಕ್ಕಣ್ಣ. ಹೆಂಗಸರು ಕ್ರಾಸಿನ ತುದಿಯವರೆಗೆ ಮಾತ್ರ. ವರಲಕ್ಷ್ಮಿ ಅಮ್ಮನ ತೋಳು ಹಿಡಿದು ನಡೆದಳು.

ಮೊದಲ ಮನೆಯ ಬಾಗಿಲು ಮುಚ್ಚಿತು. ಚಿಲಕದ ಸದ್ದು ತಮಟೆಯ ನಡುವೆಯೂ ಕೇಳಿಸಿತು. ಆಮೇಲೆ ಪಕ್ಕದ್ದು, ಅದರಾಚೆಯದು. ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದು ವರಲಕ್ಷ್ಮಿಗೆ ಸಂಕಟವಾಯಿತು. ಸಿಟ್ಟು ಮಾಡಿಕೊಳ್ಳಲೂ ಆಗದಷ್ಟು ಸುಸ್ತಾಗಿತ್ತು.

"ನೋಡಿದ್ಯಾ?" ಎಂದಳು ಚಿಕ್ಕಗಂಗಮ್ಮ. "ಅದಕ್ಕೇ ಬೇಡ ಅಂದಿದ್ದು."

"ಹೆಣ ಹೊಂಟಾಗ ಎಲ್ಲಾರೂ ಬಾಗಲಾ ಹಾಕ್ತಾರ್ರಿ ಅವ್ವಾರ," ಎಂದಳು ಹಿಂದಿದ್ದ ಚೇತನಾ. "ನಮ್ಮೂರಾಗೂ ಹಂಗ."

ಹೌದಲ್ಲ. ಮೂಲೆ ಮನೆಯ ಬ್ಯಾಂಕ್ ಮ್ಯಾನೇಜರು ತೀರಿಕೊಂಡಾಗಲೂ ಇದೇ ಬಾಗಿಲುಗಳು ಮುಚ್ಚಿದ್ದವು. ಹೆಣ ದಾಟಿದ ಮೇಲೆ ಹೊಸಿಲಿಗೆ ನೀರು ಹಾಕಿ ತೆರೆದಿದ್ದವು. ಹಾಗಾದರೆ ಈಗ ಮುಚ್ಚಿದ್ದು ಸಾವಿಗೋ, ಅಪ್ಪನಿಗೋ? ವರಲಕ್ಷ್ಮಿಗೆ ತಿಳಿಯಲಿಲ್ಲ. ತಲೆ ತಗ್ಗಿಸಿ ನಡೆದಳು. ಆಗ ಗೇಟಿನ ಸರಳುಗಳ ನಡುವೆ ಮೆಟ್ಟಿಲು ಕಂಡಿತು.

ಮೆಟ್ಟಿಲ ಮೇಲೆ ಎರಡು ಜೊತೆ ಹವಾಯಿ ಚಪ್ಪಲಿ, ಪಕ್ಕದಲ್ಲಿ ಮಗುವಿನ ಬೂಟು. ಮುಂದಿನ ಮನೆಯಲ್ಲಿ ಮದುವೆಗೆ ಕೊಂಡಂತಿದ್ದ ಹೊಸ ಚಪ್ಪಲಿ. ಅದರಾಚೆ ತುಳಸಿಕಟ್ಟೆಯ ಮೇಲೆ ತೊಳೆದು ಬೋರಲಿಟ್ಟ ಹಿತ್ತಾಳೆ ಚೊಂಬು. ಚಿಕ್ಕಣ್ಣ ಹೋಗುತ್ತಿದ್ದ. ಕ್ರಾಸಿನ ತುದಿಯವರೆಗೂ, ಮುಚ್ಚಿದ ಬಾಗಿಲುಗಳ ಹೊರಗೆ, ಚಪ್ಪಲಿಗಳು ಬಿಟ್ಟಲ್ಲೇ ಇದ್ದವು. ಯಾರೂ ಒಳಗಿಟ್ಟಿರಲಿಲ್ಲ.