ಐಬು ಮೊದಲು

ಜವಾನ ಬಾಗಿಲಲ್ಲಿ ನಿಂತು “ಅಸೂಟಿ ಮಹೇಶ್ವರಿ, ಪಾಲಕರನ್ನೂ ಕರಕೊಂಡು ಬರಬೇಕು” ಎಂದು ಕೂಗಿದಾಗ ಮಗಳಿಗಿಂತ ಮೊದಲು ಎದ್ದವನು ಬೀರಲಿಂಗ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ಚಪ್ಪಲಿ ಹೊರಗೆ ಬಿಟ್ಟ. ಅಲ್ಲಿ ಬೇರೆ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಮಹೇಶ್ವರಿ ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಅಪ್ಪ ಒಳಗೆ ಹೋಗಿಯಾಗಿತ್ತು.

“ಯಪ್ಪಾ, ಕೇಳಿದ್ದಕ್ಕಷ್ಟ ಹೇಳು” ಎಂದು ಬೆಳಿಗ್ಗೆ ನರಗುಂದ ದಾಟಿ ನವಲಗುಂದ ಬರುವುದರೊಳಗೆ ಮೂರು ಸಲ ಹೇಳಿದ್ದಳು. ಮೂರು ಸಲವೂ ಅವನು “ಹೂಂನವಾ” ಎಂದಿದ್ದ. ಅವನು ಅಷ್ಟು ಸಲೀಸಾಗಿ ಹೂಂ ಅಂದರೆ ನಂಬಬಾರದು ಎಂಬುದು ಅವಳಿಗೆ ಗೊತ್ತಿರಬೇಕಿತ್ತು.

ಧಾರವಾಡದ ಈ ಕಾಲೇಜು ವರ್ಷಕ್ಕೆ ನಲವತ್ತೇ ಮಂದಿಯನ್ನು ತೆಗೆದುಕೊಳ್ಳುತ್ತಿತ್ತು. ನಾಲ್ಕು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗಿ ಓದಿದರೆ ವಿಜ್ಞಾನದ ಶಿಕ್ಷಕಿಯಾಗಿ ಹೊರಬರಬಹುದು. ಮಹೇಶ್ವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಬೇರೆ ಕಡೆ ಅರ್ಜಿಯನ್ನೂ ಹಾಕಿರಲಿಲ್ಲ. ತೊಡಕಿದ್ದದ್ದು ಅಂಕಪಟ್ಟಿಗಳಲ್ಲಿ. ಹತ್ತನೇ ತರಗತಿಯಲ್ಲಿ ತೊಂಬತ್ತಮೂರು, ಪಿಯುಸಿ ಎರಡನೇ ವರ್ಷ ಎಂಬತ್ತಾರು. ನಡುವಿನ ವರ್ಷ ಮಾತ್ರ ನಲವತ್ತೊಂದು, ಚೆನ್ನಾಗಿ ಹೋಗುತ್ತಿದ್ದ ರಸ್ತೆಯಲ್ಲಿ ತಗ್ಗು ಬಿದ್ದ ಹಾಗೆ. ಅಂಕಗಳಲ್ಲಿ ಏರುಪೇರಿದ್ದರೆ ಒಂದು ಪುಟದಲ್ಲಿ ಕಾರಣ ಬರೆಯಬೇಕು ಎಂದು ಅರ್ಜಿ ಕೇಳಿತ್ತು.

ರೋಣದ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನ ಕನಕರಾಜ ಆ ಪುಟವನ್ನು ಐದು ನಿಮಿಷದಲ್ಲಿ ಮುಗಿಸಿದ್ದ. “ಟೈಫಾಯ್ಡ್ ಅಂತ ಹಾಕತೀನಿ. ಎಲ್ಲಾರೂ ಅದನ್ನ ಹಾಕತಾರ, ಯಾರೂ ಕೇಳೂದಿಲ್ಲ” ಎಂದಿದ್ದ. ನಿಜ ಕಾರಣ ಬರೆಯಲು ಅವಳಿಗೆ ನಾಚಿಕೆಯಿತ್ತು. ಹಾಕು ಎಂದಳು.

ಒಳಗೆ ಮೇಜಿನ ಆಚೆ ಮೂವರಿದ್ದರು. ನಡುವೆ ಕೂತಿದ್ದ ಹೀನಾ ಮೇಡಂ ಕಾಗದ ನೋಡುತ್ತ ಕೇಳಿದರು. “ಟೈಫಾಯ್ಡ್ ಆಗಿತ್ತು, ಅಲ್ಲ?”

“ಹೌದ್ರಿ ಮೇಡಂ.”

“ಎಷ್ಟ್ ದಿವಸ ಮಲಗಿದ್ದಿ?”

“ಒಂದೂವರಿ ತಿಂಗಳ್ರಿ.”

“ಈ ಸಲ ನಿಮ್ಮ ರೋಣದ ಕಡಿಂದ ಬಂದವ್ರು ಐದು ಮಂದಿ. ಐದೂ ಮಂದಿಗೆ ಟೈಫಾಯ್ಡ್” ಎಂದು ಮೇಡಂ ನಗದೆಯೇ ಹೇಳಿ, ಬೀರಲಿಂಗನ ಕಡೆ ತಿರುಗಿದರು. “ನೀವ್ ಹೇಳ್ರಿ ಯಜಮಾನ್ರ. ನಿಮ್ಮ ಮಗಳು ಹ್ಯಾಂಗ?”

ಬೀರಲಿಂಗ ಗಂಟಲು ಸರಿಮಾಡಿಕೊಂಡ. ಆ ಸದ್ದು ಮಹೇಶ್ವರಿಗೆ ಗೊತ್ತಿತ್ತು.

ಗಜೇಂದ್ರಗಡದ ಕುರಿ ಸಂತೆಯಲ್ಲಿ ಅವನು ಹೀಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವರ ಮನೆತನದ ರೀತಿಯೊಂದಿತ್ತು: ಕುರಿ ಮಾರುವವನು ಮೊದಲು ಅದರ ಐಬು ಹೇಳಬೇಕು. ಇದು ಹಿಂಗಾಲು ಎಳೆಯುತ್ತದೆ, ಇದು ಬೇಲಿ ಹಾರುತ್ತದೆ, ಇದು ಮರಿಗೆ ಹಾಲು ಕೊಡಲು ಸತಾಯಿಸುತ್ತದೆ. ಕೊರತೆಯೆಲ್ಲ ಕೇಳಿದ ಮೇಲೆ ಕೊಳ್ಳುವವನೇ “ಮತ್ತ ಚಲೋದೇನೈತಪಾ?” ಎಂದು ಕೇಳಬೇಕು. ಕೇಳದೆ ಹೊಗಳಿದರೆ ಅದು ಬರೀ ಬಾಯಿಬಡಾಯಿ. ಸಂತೆಯ ಮಂದಿ ಅವನನ್ನು ಐಬಿನ ಬೀರಲಿಂಗ ಎಂದು ಚೇಷ್ಟೆ ಮಾಡುತ್ತಿದ್ದರು. ಆದರೂ ಕುರಿ ಅವನ ಹತ್ತಿರವೇ ಕೊಳ್ಳುತ್ತಿದ್ದರು.

“ಮೊದ್ಲ ಐಬು ಹೇಳಿಬಿಡ್ತೀನ್ರಿ” ಎಂದ ಬೀರಲಿಂಗ. “ಹಟ ಭಾಳ. ಸಿಟ್ಟು ಬಂದ್ರ ಎರಡ್ ದಿನ ಉಣ್ಣೂದಿಲ್ಲ. ಮುಂಜಾನಿ ಲಗೂ ಏಳೂದಿಲ್ಲ, ಇವರವ್ವ ಮಾಳವ್ವ ಒದರಿ ಒದರಿ ಸಾಕಾಗ್ತಾಳ. ಇನ್ನ ಆ ವರ್ಸ ಅಂತೂ ಪುಸ್ತಕ ಮುಟ್ಟಲೇ ಇಲ್ರಿ. ಪರೀಕ್ಷಿಗೆ ಹೋಗಿ ಅರ್ಧಾ ತಾಸಿಗೆ ಎದ್ದು ಬರ್ತಿದ್ಲು.”

“ಜಡ್ಡಿತ್ತು ಅಂತ ಬರದಾಳಲ್ರಿ?”

“ಯಾರಿಗ್ರಿ, ಈಕಿಗಾ?” ಬೀರಲಿಂಗನ ದನಿಯಲ್ಲಿ ಹೆಮ್ಮೆಯೇ ಇತ್ತು. “ಸಣ್ಣಾಕಿದ್ದಾಗ ನಾಯಿ ಕಡದದ್ದೊಂದು ಬಿಟ್ರ ನಮ್ಮ ಹುಡುಗಿ ದವಾಖಾನಿ ಮೆಟ್ಟಿಲ ಹತ್ತಿಲ್ರಿ!”

ಮೇಜಿನ ಕೊನೆಯಲ್ಲಿದ್ದ ಮೇಷ್ಟ್ರು ಪೆನ್ನು ಕೆಳಗಿಟ್ಟರು. ಮಹೇಶ್ವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುಗಿಯಿತು. ನಲವತ್ತೊಂದನ್ನು ಕ್ಷಮಿಸಿದರೂ ಸುಳ್ಳನ್ನು ಯಾರು ಕ್ಷಮಿಸುತ್ತಾರೆ? ಅಪ್ಪನ ಮೇಲೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತು.

“ಹಂಗಾದ್ರ ಯಾಕ ಓದಲಿಲ್ಲ ಆಕಿ?” ಮೇಡಂ ಅವನನ್ನೇ ಕೇಳಿದರು.

ಬೀರಲಿಂಗ ಟವೆಲ್ಲನ್ನು ಕಂಕುಳಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದ.

“ಅದು ಆಕಿ ಐಬಲ್ರಿ, ನಂದು. ಹತ್ತನೇತ್ತ ಆದಮ್ಯಾಲ ಧಾರವಾಡಕ್ಕ ಓದಾಕ ಹೋಗ್ತೀನಂದ್ಲು. ರೊಕ್ಕಿಲ್ಲ, ರೋಣದಾಗ ಓದು ಅಂದೆ. ಆ ಸಿಟ್ಟಿಗೆ ಹಂಗ ಮಾಡಿದ್ಲು. ಖರೇ ಅಂದ್ರ ರೊಕ್ಕ ಇತ್ರಿ. ಇಲ್ಲಿ ಬಂದು ಇಂಥಾ ಮಂದಿ ಕೂಡ ಇದ್ದಮ್ಯಾಲ ಮತ್ತ ನಮ್ಮ ಕುರಿ ಹಟ್ಟಿಗೆ ಬರಾಕ ಆಕಿಗೆ ಮನಸಾಗ್ಲಿಕ್ಕಿಲ್ಲ ಅಂತ ಅಂಜಿದ್ದೆ.”

ಮಹೇಶ್ವರಿ ತಿರುಗಿ ಅಪ್ಪನನ್ನು ನೋಡಿದಳು. ಹೆಣ್ಣುಹುಡುಗಿ ಎಂದು ಬೇಡವೆಂದ, ಮಗಳ ಓದಿಗಿಂತ ಕುರಿ ದೊಡ್ಡದಾಯಿತು ಎಂದೆಲ್ಲ ಎರಡು ವರ್ಷ ಅಂದುಕೊಂಡಿದ್ದಳು. ಅವಳು ಸಿಟ್ಟು ಸಾಕಿಕೊಂಡಿದ್ದದ್ದು ಬೇರೆ ಯಾರೋ ಅಪ್ಪನ ಮೇಲೆ.

ಹೀನಾ ಮೇಡಂ ಟೈಫಾಯ್ಡಿನ ಪುಟವನ್ನು ಬದಿಗೆ ಸರಿಸಿ ಒಂದು ಖಾಲಿ ಹಾಳೆ ಮುಂದೆ ಚಾಚಿದರು. “ಹೊರಗ ಕುಂತು ಇನ್ನೊಮ್ಮೆ ಬರದುಕೊಡು. ನಾಕಕ್ಕ ಪಟ್ಟಿ ಹಚ್ಚತೀವಿ.”

ಮಹೇಶ್ವರಿ ಎದ್ದಳು. ಬೀರಲಿಂಗ ಮಾತ್ರ ಇನ್ನೂ ಏನೋ ಕೇಳುತ್ತಾರೆಂದು ಮೂವರ ಮುಖವನ್ನೂ ನೋಡುತ್ತ ನಿಂತೇ ಇದ್ದ. ಜವಾನ ಮುಂದಿನ ಹೆಸರು ಕೂಗಿದ.

ಹೊರಗಿನ ಬೆಂಚಿನ ಮೇಲೆ ಹಾಳೆ ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಅವಳು ಬರೆಯಲಿಲ್ಲ.

“ನಾ ಏನರ ತಪ್ಪು ಹೇಳಿದ್ನೇನು?” ಎಂದ ಬೀರಲಿಂಗ ಸಣ್ಣಗೆ. ಟೈಫಾಯ್ಡಿನ ವಿಷಯ ಅವನಿಗೆ ಯಾರೂ ಹೇಳಿಯೇ ಇರಲಿಲ್ಲ.

“ನಾ ಏನ್ ಕುರಿಯೇನ್ ಯಪ್ಪಾ, ಹಿಂಗ ಮಂದಿ ಮುಂದ ಐಬು ಹೇಳಾಕ?”

ಅವನು ಮಾಳವ್ವ ಕಟ್ಟಿಕೊಟ್ಟಿದ್ದ ರೊಟ್ಟಿಗಂಟಿನ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದ.

ಕೊನೆಗೆ ಅವಳು ಬರೆದದ್ದು ಅರ್ಧ ಪುಟ. ಟೈಫಾಯ್ಡ್ ಸುಳ್ಳು, ತಪ್ಪಾಯಿತು ಎಂದು ಶುರುಮಾಡಿದಳು. ಅಪ್ಪ ಹೇಳಿದ್ದೆಲ್ಲ ನಿಜ, ಒಂದನ್ನು ಬಿಟ್ಟು. ಐಬು ತನ್ನದು ಎಂದರು, ಆದರೆ ಪರೀಕ್ಷೆ ಬಿಟ್ಟು ಎದ್ದುಬಂದವಳು ನಾನು, ಅವರು ಎಬ್ಬಿಸಲಿಲ್ಲ ಎಂದು ಮುಗಿಸಿದಳು. ಸಹಿ ಮಾಡಿ ಜವಾನನ ಕೈಗೆ ಕೊಟ್ಟು ಬಂದು, ಅಪ್ಪನ ಪಕ್ಕದಲ್ಲಿ ಕೂತು ರೊಟ್ಟಿ ತಿಂದಳು. ಆಸೆ ಬಿಟ್ಟಮೇಲೆ ಹಸಿವು ಜೋರಾಗಿಯೇ ಆಗಿತ್ತು.

ನಾಲ್ಕಕ್ಕೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರು ಮೂವತ್ತಾರನೆಯದು. ಮೂರು ಸಲ ಓದಿದಳು. ಗುಂಪಿನ ಹಿಂದೆ ನಿಂತಿದ್ದ ಬೀರಲಿಂಗ ಪಟ್ಟಿಯನ್ನಲ್ಲ, ಅವಳ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದಳು. “ಚಲೋ ಆತು” ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡವನು ಸ್ವಲ್ಪ ಹೆಚ್ಚೇ ಹೊತ್ತು ಒರೆಸಿಕೊಂಡ.

ನರಗುಂದದಲ್ಲಿ ತಮ್ಮೂರು ಅಸೂಟಿಯನ್ನು ಹಾದು ಹೋಗುವ ಬಸ್ಸು ಹಿಡಿದರು. ಕಿಟಕಿಯಾಚೆ ಹೆಸರುಕಾಳು ಬಿತ್ತಿದ ಎರೆಹೊಲಗಳ ಮೇಲೆ ಇಳಿಬಿಸಿಲು.

“ಯಪ್ಪಾ, ಐಬು ಅಷ್ಟ ಹೇಳಿದಿ. ಚಲೋದು ಒಂದೂ ಯಾಕ ಹೇಳಲಿಲ್ಲ?”

“ಅವ್ರು ಕೇಳಲೇ ಇಲ್ಲಲ್ಲವಾ” ಎಂದ ಅವನು. ಅದು ಅವನನ್ನು ದಾರಿಯುದ್ದಕ್ಕೂ ಕಾಡಿತ್ತು ಎಂದು ದನಿಯಲ್ಲೇ ತಿಳಿಯಿತು. “ಎಲ್ಲಾ ತಯಾರ ಇಟಗೊಂಡಿದ್ದೆ.”

“ಈಗ ನಾ ಕೇಳ್ತೀನಿ.”

ಬೀರಲಿಂಗ ಅವಳ ಕಡೆ ನೋಡಲಿಲ್ಲ. ಮುಂದಿನ ಸೀಟಿನ ಬೆನ್ನು ನೋಡುತ್ತ, ಎಡಗೈಯ ಕಿರುಬೆರಳು ಮಡಚಿದ.

“ತಾಯಿ ಸತ್ತ ಮರಿಗೆ ಬಾಟ್ಲಿಲೆ ಹಾಲು ಕುಡಿಸಿ ಉಳಿಸಿದಿ. ಆಗಿನ್ನ ನೀ ಏಳು ವರ್ಸದಾಕಿ.”

ಇನ್ನೊಂದು ಬೆರಳು.

“ನಿಮ್ಮವ್ವಗ ಸಹಿ ಮಾಡೂದು ಕಲಿಸಿದಿ. ಈಗ ಹೆಬ್ಬಟ್ಟು ಒತ್ತು ಅಂದ್ರ ಜಗಳ ತಗೀತಾಳ.”

ಅವನು ಅವಸರ ಮಾಡಲಿಲ್ಲ. ಒಂದೊಂದಕ್ಕೂ ತಡೆದು, ನೆನೆದು, ಖರೇ ಹೌದೋ ಅಲ್ಲವೋ ನೋಡಿಕೊಂಡು ಬೆರಳು ಮಡಚಿದ. ಕಂಡಕ್ಟರ್ “ಅಸೂಟಿ, ಇಳಿಯವ್ರು ಲಗೂ ಬರ್ರಿ” ಎಂದು ಸೀಟಿ ಊದಿದಾಗ ಎಡಗೈ ಮುಗಿದು ಬಲಗೈಯ ಎರಡು ಬೆರಳು ಆಗಿದ್ದವು. ಬೀರಲಿಂಗ ಎದ್ದು, ಬೆರಳು ಬಿಚ್ಚದೆ, ಬಾಗಿಲ ಕಂಬಿಯನ್ನು ಮೊಣಕೈಯಲ್ಲಿ ತಬ್ಬಿ ಹಿಡಿದು ಕೆಳಗಿಳಿದ.