ಮೈನಸ್ ಹದಿನೆಂಟರಲ್ಲಿ ಒಂದು ಸಭೆ

ಮೂರು ಇಲಾಖೆಗಳನ್ನು ನನ್ನ ಐಸ್‌ಕ್ರೀಮ್ ಕಾರ್ಖಾನೆಯ ಕೋಲ್ಡ್ ರೂಮಿನಲ್ಲಿ ಕೂಡಿಹಾಕಿದವಳು ನಾನೇ. ಬೇರೆ ಯಾರೇ ಕೇಳಿದರೂ ಚಿಲಕ ಕೈಕೊಟ್ಟಿತು ಅಂತಲೇ ಹೇಳುತ್ತೇನೆ.

ನೆರೆ ಇಳಿದು ಮೂರು ವಾರವಾದರೂ ನನ್ನ ತಂಗಿ ನಡೆಸುವ ಹೆರಿಗೆ ಆಸ್ಪತ್ರೆ ತೆರೆದಿರಲಿಲ್ಲ. ಸೇತುವೆ ಕೊಚ್ಚಿಹೋಗಿದ್ದರಿಂದ ದೊಡ್ಡಾಸ್ಪತ್ರೆಗೆ ದೋಣಿಯಲ್ಲೇ ಹೋಗಬೇಕು. ನನ್ನ ಸೊಸೆಗೋ ದಿನ ತುಂಬಿತ್ತು, ದೋಣಿ ಕಂಡರೇ ತಲೆ ಸುತ್ತಿ ಬೀಳುವ ಹುಡುಗಿ. ಹೆದರಿಕೆಯಿಂದ ನನಗೆ ಊಟವೇ ಸೇರುತ್ತಿರಲಿಲ್ಲ.

ಇಂಜಿನಿಯರ್ ಹೇಳುತ್ತಿದ್ದ: "ನೆಲಮಾಳಿಗೆ ಕೆಸರಿಗೆ ಔಷಧಿ ಹೊಡೀಲಿ, ಆಮೇಲೆ ಇಳಿದು ಪಾಯ ನೋಡ್ತೀನಿ." ಆರೋಗ್ಯ ಇಲಾಖೆಯ ಡಾಕ್ಟರಮ್ಮ: "ಮೊದಲು ಪಂಪ್ ಹಾಕಿ ನೀರು ತೆಗೀಲಿ, ಆಮೇಲೆ ಔಷಧಿ." ಪಂಪಿಗೆ ಕರೆಂಟ್ ಬೇಡವೇ? ಕರೆಂಟ್ ಆಫೀಸಿನ ಸಾಹೇಬರು: "ಪಾಯ ಗಟ್ಟಿ ಅಂತ ಇಂಜಿನಿಯರ್ ಬರೆದುಕೊಡ್ಲಿ, ಆಮೇಲೆ ಕರೆಂಟ್." ಮೂವರು ಹೇಳುವುದೂ ಸರಿಯೇ! ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆದು ಅಲೆದು ನನ್ನ ಪಿತ್ತ ನೆತ್ತಿಗೇರಿತು.

ಆಸ್ಪತ್ರೆಯ ನೆನೆದ ನಕ್ಷೆಗಳು ನನ್ನ ಕೋಲ್ಡ್ ರೂಮಿನಲ್ಲಿದ್ದವು. ಒದ್ದೆ ಕಾಗದವನ್ನು ಹೆಪ್ಪುಗಟ್ಟಿಸಿದರೆ ಕೊಳೆಯುವುದಿಲ್ಲ ಅಂತ ಲೈಬ್ರರಿಯಮ್ಮ ತಂದಿಟ್ಟಿದ್ದರು. ಆ ನಕ್ಷೆ ಗುರುತು ಹಿಡಿಯುವ ನೆಪದಲ್ಲಿ ಮೂವರನ್ನೂ ಒಂದೇ ಹೊತ್ತಿಗೆ ಕರೆಸಿದೆ. ನಾನು ಎರಡು ಸ್ವೆಟರ್ ಹಾಕಿಕೊಂಡು ಜೊತೆಗೇ ಒಳಗೆ ಹೋದೆ, ಹಿಂದಿನಿಂದ ಬಾಗಿಲು ಎಳೆದೆ.

"ಅಯ್ಯಯ್ಯೋ, ಚಿಲಕ ಸಿಕ್ಕಿಹಾಕ್ಕೊಂಡ್ತಲ್ಲಪ್ಪಾ! ಹತ್ತು ನಿಮಿಷ ತಡೀರಿ, ನಮ್ಮನೆಯವರು ಬಂದು ತೆಗೀತಾರೆ."

"ಹತ್ತು ನಿಮಿಷಾನಾ!" ಡಾಕ್ಟರಮ್ಮನ ಹಲ್ಲು ಕಟಕಟ ಎಂದಿತು.

"ಬಂದದ್ದೇ ಬಂದಿದ್ದೀರಿ, ಆಸ್ಪತ್ರೆ ವಿಷಯ ಮಾತಾಡಿ ಮುಗಿಸಿಬಿಡಿ," ಎಂದೆ.

ಸಾಹೇಬರು ಚಳಿಗೆ ಕುಣಿಯುತ್ತಲೇ ಬಾಯಿಬಿಟ್ಟರು: "ಅಕ್ಕಾ, ನಿಮ್ಮ ಜನರೇಟರಿಂದ ಪಂಪಿಗೆ ನಾನೇ ವೈರ್ ಎಳೆಸ್ತೀನಿ."

"ನೀರು ಇಳಿದ ಹಾಗೇ ಔಷಧಿ ಹೊಡಿಸ್ತೀನಿ," ಎಂದರು ಡಾಕ್ಟರಮ್ಮ.

"ಬೂಟು ಕೊಡಿ, ಹಿಂದೇನೇ ಇಳೀತೀನಿ," ಎಂದ ಇಂಜಿನಿಯರ್. ಅವನೊಬ್ಬ ಮಾತ್ರ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಲ್ಲಾಡದೆ ನಿಂತಿದ್ದ. ಗೋಡೆ ಇನ್ನೂ ತಣ್ಣಗಿರುತ್ತೆ ಕಣಪ್ಪಾ ಅನ್ನಬೇಕೆನ್ನಿಸಿತು.

ಮೂರು ವಾರದ ರಗಳೆ ನಾಲ್ಕು ನಿಮಿಷಕ್ಕೆ ಬಗೆಹರಿಯಿತು. ಐಸ್‌ಕ್ರೀಮ್ ಡಬ್ಬದ ರಟ್ಟಿನ ಮೇಲೆ ಒಪ್ಪಂದ ಬರೆಯಲು ಹೋದರೆ ಪೆನ್ನೇ ಮರಗಟ್ಟಿತ್ತು. ಸಾಹೇಬರು ಅದನ್ನು ಕಂಕುಳಲ್ಲಿಟ್ಟು ಬಿಸಿಮಾಡಿ ಸಹಿ ಹಾಕಿದರು, ಡಾಕ್ಟರಮ್ಮ ಮೂಗು ಮುರಿಯುತ್ತಲೇ ಇಸಿದುಕೊಂಡರು. ಮೂರು ಇಲಾಖೆಗೂ ಒಂದೇ ಪೆನ್ನು! ಅಷ್ಟರಲ್ಲಿ ನಮ್ಮನೆಯವರು ಬಂದು ಬಾಗಿಲು ತೆಗೆದರು.

ನಾಲ್ಕನೇ ದಿನ ಆಸ್ಪತ್ರೆ ತೆರೆಯಿತು. ಆರನೇ ದಿನ ಮೊಮ್ಮಗಳು ಹುಟ್ಟಿದಳು. ಖುಷಿಗೆ ನಾನು ಗೊಳೋ ಎಂದು ಅತ್ತೆ.

ಮಗು ನೋಡಲು ಬಂದ ಇಂಜಿನಿಯರ್ ಮೆಲ್ಲಗೆ ಕೇಳಿದ: "ಅಕ್ಕಾ, ಕೋಲ್ಡ್ ರೂಮ್ ಬಾಗಿಲನ್ನ ಒಳಗಿನಿಂದ ತೆಗೆಯೋಕೆ ಒಂದು ಗುಂಡಿ ಇರುತ್ತೆ, ಅಲ್ವಾ?"

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಅಷ್ಟು ಹೊತ್ತೂ ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದೆ. ಅವರಿಬ್ಬರಿಗೆ ಕಂಡಿದ್ರೆ ಕೆಲಸ ಕೆಡ್ತಿತ್ತು. ಬೆನ್ನು ಇನ್ನೂ ಹಿಡ್ಕೊಂಡಿದೆ," ಎಂದು ನಕ್ಕ. "ಮಗೂನ ಒಂದ್ಸಲ ಎತ್ಕೊಳ್ಲಾ?"

ಮೊದಲು ಅವನ ಕೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಕೊಟ್ಟೆ.