ಏಳೆಲೆಯ ಚಿಗುರು

ಗಡಿಯಾರದವರ ಗಿಡದ ಬುಡದಲ್ಲಿ ಹೊಸ ಚಿಗುರೊಂದು ಎದ್ದಿರುವುದು ಮೊದಲು ಕಂಡದ್ದು ನನಗೆ. ಜ್ವರದಿಂದ ಹತ್ತು ದಿನ ಮಲಗಿ ಎದ್ದ ಮೇಲೆ ಅದು ನರ್ಸರಿಯಲ್ಲಿ ನನ್ನ ಮೊದಲ ಬೆಳಿಗ್ಗೆ. ನೀರಿನ ಪೈಪು ಹಿಡಿದು ನನ್ನ ಸಾಲಿನ ಕೊನೆಯ ಕುಂಡದ ಹತ್ತಿರ ಬಂದೆ. ಮಲಗುವ ಮುಂಚೆ ಅಲ್ಲಿ ಏನೂ ಇರಲಿಲ್ಲ. ಈಗ ನೋಡಿದರೆ ಮಣ್ಣು ಸೀಳಿಕೊಂಡು ಗೇಣುದ್ದದ ಚಿಗುರು, ಕಿರುಬೆರಳಿನ ದಪ್ಪ, ಬೀಟ್‌ರೂಟಿನ ಬಣ್ಣ. ಪೈಪನ್ನು ಕೆಳಗೆ ಹಾಕಿ ಕುಕ್ಕರುಗಾಲಿನಲ್ಲಿ ಕೂತು ಎಲೆ ಎಣಿಸಿದೆ. ಒಂದು ತೊಟ್ಟಿನಲ್ಲಿ ಏಳು. ಅದರ ಮೇಲಿನದರಲ್ಲೂ ಏಳು. ಮತ್ತೆ ಎಣಿಸಿದೆ, ಏಳೇ.

ನಾವು ಮಾರುವ ಗುಲಾಬಿ ನೋಡುವುದಕ್ಕೆ ಒಂದು ಗಿಡ, ನಿಜಕ್ಕೂ ಎರಡು. ಕೆಳಗೆ ಕಾಡುಗುಲಾಬಿಯ ಬೇರು, ಅದರ ತೊಗಟೆ ಸೀಳಿ ಕೂರಿಸಿದ ಒಳ್ಳೆಯ ಜಾತಿಯ ಒಂದು ಕಣ್ಣು, ಅಂದರೆ ಚಿಗುರುವ ಮೊಗ್ಗು. ಎರಡೂ ಕೂಡಿಕೊಂಡ ಜಾಗದಲ್ಲಿ ಗಂಟು ಬೀಳುತ್ತದೆ. ಕಾಡಿನದು ಜಟ್ಟಿ. ಸಂದು ಸಿಕ್ಕರೆ ಗಂಟಿನ ಕೆಳಗಿನಿಂದ ತನ್ನದೇ ಚಿಗುರು ಎಬ್ಬಿಸಿ, ಮೇಲಿನದನ್ನು ಉಪವಾಸ ಕೆಡವಿ, ಒಂದು ವರ್ಷದಲ್ಲಿ ಇಡೀ ಗಿಡವನ್ನು ತನ್ನದು ಮಾಡಿಕೊಂಡುಬಿಡುತ್ತದೆ. ಅಂಥ ಚಿಗುರನ್ನು ಗುರುತಿಸಲು ನಮ್ಮ ನರ್ಸರಿಯಲ್ಲಿ ಒಂದೇ ಕಾಯಿದೆ ಇತ್ತು. "ಐದೆಲೆ ನಮ್ದು, ಏಳೆಲೆ ಕಾಡಿಂದು." ಕಾಯಿದೆ ಅತ್ತೆಯದು. ಅತ್ತೆ ಅಂದರೆ ಅಪ್ಪನ ಅಕ್ಕ, ನರ್ಸರಿಯ ಯಜಮಾನಿ, ಮೂವತ್ತೆರಡು ವರ್ಷದಿಂದ ಕಸಿ ಚಾಕು ಹಿಡಿದವರು. ಅಪ್ಪನಿಗೆ ವ್ಯಾನು ಓಡಿಸುವುದು ಬಿಟ್ಟರೆ ಇಲ್ಲಿ ಬೇರೆ ಅಧಿಕಾರವಿಲ್ಲ. ಸಸ್ಯಶಾಸ್ತ್ರದ ಡಿಗ್ರಿ ಮುಗಿಸಿ ಬಂದ ನನಗೆ ಅದೂ ಇಲ್ಲ.

ಬೇರೆ ಗಿಡವಾಗಿದ್ದರೆ ನಾನೇ ಹೋಗಿ ಅತ್ತೆಗೆ ಹೇಳುತ್ತಿದ್ದೆ. ಆದರೆ ಇದು ಗಡಿಯಾರದವರದು.

ಬೀದಿಯ ತುದಿಯಲ್ಲಿ ಅವರದು ಗಡಿಯಾರ ರಿಪೇರಿಯ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹಿತ್ತಲ ಗೋಡೆಗೆ ಒರಗಿಸಿ ಅವರ ಹೆಂಡತಿ ಇಪ್ಪತ್ತಾರು ವರ್ಷ ಸಾಕಿದ ಗುಲಾಬಿಯೊಂದಿತ್ತು. ಅದರ ಹೆಸರು ಅತ್ತೆಗೂ ಗೊತ್ತಿರಲಿಲ್ಲ. ಅರಳುವಾಗ ಜೇನಿನ ಬಣ್ಣ, ಎರಡು ದಿನ ಕಳೆದರೆ ಅಂಚಿಗೆಲ್ಲ ಕೆಂಪು. ಚರಂಡಿ ಪೈಪು ಹಾಕುವವರು ಬಂದು "ಈ ಗಿಡ ಅಡ್ಡ ಬರ್ತಿದೆಯಲ್ಲಾ" ಎಂದಾಗ ಹೆಂಡತಿ ಮನೆಯಲ್ಲಿರಲಿಲ್ಲ. ಇವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ "ಗಿಡ ತಾನೆ, ಅಗೀರಿ" ಅಂದುಬಿಟ್ಟರು. ಆವತ್ತು ಸಂಜೆಯಿಂದ ಆ ಮನೆಯಲ್ಲಿ ಹದಿನೇಳು ಗಡಿಯಾರಗಳು ಮಾತ್ರ ಮಾತಾಡುತ್ತಿವೆ ಎಂದು ಅವರೇ ನಮ್ಮಲ್ಲಿಗೆ ಬಂದು ಹೇಳಿಕೊಂಡು ನಗಲು ಹೋಗಿ, ನಗಲಾಗದೆ ನಿಂತಿದ್ದರು. ಕಲ್ಲುರಾಶಿಯಿಂದ ಹುಡುಕಿ ತೆಗೆದ ಒಂದೇ ಒಂದು ಹಸಿ ಕಡ್ಡಿ ಅವರ ಒದ್ದೆ ಕರವಸ್ತ್ರದಲ್ಲಿತ್ತು.

ಆ ಕಡ್ಡಿಯಲ್ಲಿ ಆರು ಕಣ್ಣು. ಇಂಥ ಕೊನೆಯ ಕಡ್ಡಿಯನ್ನು ಒಂದೇ ಕೈ ಕಸಿ ಕಟ್ಟಬಾರದು ಅನ್ನುವುದು ಅತ್ತೆಯ ಇನ್ನೊಂದು ಕಾಯಿದೆ. ಆ ದಿನ ಆ ಕೈಗೆ ಮುನಿಸಿದ್ದರೆ ಆರೂ ಹೋಗುತ್ತವಂತೆ. ಹಾಗಾಗಿ ಮೂರು ಅವರು ಕಟ್ಟಿದರು, ಮೂರು ನನ್ನಿಂದ ಕಟ್ಟಿಸಿದರು. ಮೂರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಅವರ ಮೂರೂ ಕಪ್ಪಾಗಿದ್ದವು. ನನ್ನವು ಎರಡು ಕಪ್ಪು, ಒಂದು ಹಸಿರು. ಅತ್ತೆ ಆ ಹಸಿರನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ, ಓದಿದ ಕೈಯೂ ದಂಡ ಅಲ್ಲ" ಅಂದರು. ನಾನು ಆ ಮಾತನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆ ಒಂದೇ ಹಸಿರು ಬೆಳೆದು ಒಂದೂವರೆ ಅಡಿ ಆಗಿತ್ತು. ಆಮೇಲೆ ತುದಿಯಿಂದ ಒಣಗತೊಡಗಿತು. ಅತ್ತೆ ಎರಡು ಸಲ ಕಪ್ಪಾದಷ್ಟನ್ನು ಕತ್ತರಿಸಿದರೂ ಕಪ್ಪು ಕೆಳಗೆ ಇಳಿಯುತ್ತಲೇ ಇತ್ತು. ಈಗ ನಾಲ್ಕು ಬೆರಳಿನಷ್ಟು ಉಳಿದಿತ್ತು. ಅದರ ಪಕ್ಕದಲ್ಲಿ ಈ ಚಿಗುರು.

"ಏನೇ ಮೌನಗೌರಿ, ಗಿಡದ ಕಿವಿಯಲ್ಲಿ ಏನು ಊದ್ತಿದೀಯಾ?"

ಅತ್ತೆ ಕತ್ತರಿ ಹಿಡಿದು ಹಿಂದೆಯೇ ನಿಂತಿದ್ದರು.

"ಚಿಗುರು, ಅತ್ತೆ."

ಅವರು ಬಗ್ಗಲಿಲ್ಲ. ನಿಂತಲ್ಲಿಂದಲೇ ಎಣಿಸಿದರು. "ಏಳು. ನೋಡಿದ್ಯಾ, ಅದಕ್ಕೇ ನಿನ್ನ ಕಸಿ ಒಣಗ್ತಿರೋದು. ಕಳ್ಳ ಕೆಳಗೆ ಕೂತು ಊಟ ಹೊಡೀತಿದಾನೆ." ಅಷ್ಟರಲ್ಲಿ ಗೇಟಿನ ಹತ್ತಿರ ಅಪ್ಪ ವ್ಯಾನಿನ ಹಾರ್ನು ಒತ್ತಿದರು. "ಬಂದೆ ಕಣೋ, ಊರೆಲ್ಲಾ ಎಬ್ಬಿಸ್ಬೇಡ! ನೋಡೇ, ಗಿಡ ಲೋಡ್ ಮಾಡಿಸಿ ಬಂದು ಇದನ್ನ ಬುಡದಿಂದ ಕೀಳ್ತೀನಿ. ನೀನು ಮುಟ್ಬೇಡ."

ನಾನು ಮುಟ್ಟಿದೆ.

ಕುಂಡಕ್ಕೆ ಕೂರಿಸಿದ ಮೇಲೆ ಗಂಟು ಕಾಣದ ಹಾಗೆ ಮಣ್ಣೇರಿಸುವುದು ಅತ್ತೆಯ ಪದ್ಧತಿ. ಗಂಟಿಗೆ ಹೊದಿಕೆ ಅನ್ನುತ್ತಾರೆ. ಆ ಹೊದಿಕೆಯಿಂದಾಗಿ ಗಂಟಿನ ಮೇಲೆ ಹುಟ್ಟಿದ್ದೂ ಕೆಳಗೆ ಹುಟ್ಟಿದ್ದೂ ನಮ್ಮ ಕಣ್ಣಿಗೆ ಒಂದೇ ಥರ, ಮಣ್ಣಿನಿಂದ ಎದ್ದ ಹಾಗೆ. ಎಲೆ ಎಣಿಸುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ, ಯಾಕೆಂದರೆ ದಾರಿಗೆ ಮಣ್ಣು ಹಾಕಿದ್ದವರು ನಾವೇ. ಬೆರಳಿನಿಂದ ಒಂದೊಂದೇ ಚಿಟಿಕೆ ಮಣ್ಣು ಸರಿಸಿದೆ. ಗಂಟು ಸಿಕ್ಕಿತು. ಚಿಗುರು ಹೊರಟಿದ್ದು ಗಂಟಿನ ಮೇಲ್ತುಟಿಯಿಂದ, ನಾನು ಕಣ್ಣು ಕೂರಿಸಿದ್ದ ಜಾಗಕ್ಕೆ ಅಂಟಿಕೊಂಡೇ. ಹಾಗಂತ ನನಗೆ ಅನ್ನಿಸಿತು. ಆದರೆ ಗಂಟು ಉಬ್ಬುತಗ್ಗಾಗಿ ಬೆಳೆದಿತ್ತು. ನಾನು ಹಾಗೇ ಇರಲಿ ಎಂದು ಬಯಸುತ್ತಿರುವುದರಿಂದ ಹಾಗೆ ಕಾಣುತ್ತಿರಬಹುದು ಎಂದೂ ಅನ್ನಿಸಿತು.

ಎದ್ದು ಹೋಗಿ, ಇನ್ನೂ ಕಸಿ ಕಟ್ಟದ ಕಾಡುಗಿಡಗಳ ಪಾತಿಯಿಂದ ಒಂದು ಎಲೆ ಕಿತ್ತು ತಂದೆ. ಅದರ ತೊಟ್ಟು ಕಾಂಡಕ್ಕೆ ಕೂಡುವಲ್ಲಿ, ಎರಡು ಪಕ್ಕಕ್ಕೂ, ಬಾಚಣಿಗೆಯ ಹಲ್ಲಿನಂಥ ಸಣ್ಣ ಎಳೆಗಳು. ಕಾಲೇಜಿನಲ್ಲಿ ಇದರ ಚಿತ್ರ ಬರೆದಿದ್ದೆ. ಪರೀಕ್ಷೆಯ ಆಚೆ ಅದಕ್ಕೊಂದು ಕೆಲಸವಿದೆ ಎಂದು ತಿಳಿದಿರಲಿಲ್ಲ. ಚಿಗುರಿನ ಕೆಳಗಿನ ಎಲೆಯೊಂದನ್ನೂ ಕಿತ್ತು ಅದರ ಬುಡ ನೋಡಿದೆ. ನುಣುಪು.

ತಲೆ ಎತ್ತಿದರೆ ಗಡಿಯಾರದವರು. ಪ್ರತಿ ಸೋಮವಾರ ಅಂಗಡಿ ತೆರೆಯುವ ಮುಂಚೆ ಬಂದು ಗಿಡ ನೋಡಿ ಹೋಗುವುದು ಅವರ ರೂಢಿ. ಅವರ ಬೆನ್ನಿಗೇ ಅತ್ತೆಯೂ ಬಂದರು, ಕತ್ತರಿ ಸೊಂಟಕ್ಕೆ ಸಿಕ್ಕಿಸಿ, ಕೀಳಲು ಎರಡು ಕೈಯೂ ಖಾಲಿ ಮಾಡಿಕೊಂಡು.

"ಆಚೆ ಸರ್ಕೊಳ್ಳೇ."

ನನಗೆ ಮಾತು ಗಂಟಲವರೆಗೆ ಬಂದು ವಾಪಸ್ಸು ಹೋಗುವುದು ಹೊಸದಲ್ಲ. ಆದರೆ ಈ ಸಲ ಕೈ ಮುಂದೆ ಹೋಗಿತ್ತು. ಚಿಗುರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದೆ. ಮುಳ್ಳು ಚುಚ್ಚಿತು.

"ಕೀಳ್ಬೇಡಿ ಅತ್ತೆ. ಇದು ಕಾಡಲ್ಲ."

ಅತ್ತೆ ಸೊಂಟಕ್ಕೆ ಕೈಯಿಟ್ಟು ಗಡಿಯಾರದವರ ಕಡೆ ತಿರುಗಿದರು. "ಕೇಳಿದ್ರಾ ಯಜಮಾನ್ರೇ? ವರ್ಷಕ್ಕೆ ನಾಲ್ಕು ಮಾತಾಡೋ ಹುಡುಗಿ, ಒಂದನ್ನ ನನ್ನ ಮೇಲೇ ಖರ್ಚು ಮಾಡಿದ್ಲು. ಲೇ, ಎಲೆ ಎಣ್ಸೋಕೆ ಬರಲ್ವಾ?"

"ಏಳೇ ಇದೆ. ಜೋರಾಗಿ ನುಗ್ಗೋ ಚಿಗುರಿಗೆ ನಮ್ಮ ಜಾತಿಲೂ ಏಳು ಬರುತ್ತೆ. ಎಷ್ಟು ಎಲೆ ಅನ್ನೋದಲ್ಲ ಅತ್ತೆ, ಎಲ್ಲಿಂದ ಹೊರಟಿದೆ ನೋಡಿ. ಗಂಟಿನ ಮೇಲಿಂದ."

"ಗಂಟಿಗೆ ಮಣ್ಣು ಹೊದಿಸಿದ್ನಲ್ಲ, ನಿಂಗೆ ಹೆಂಗೆ ಕಾಣ್ತು?"

ಮಣ್ಣು ಮೆತ್ತಿದ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಸರಿಸಿದೆ.

"ಮುಟ್ಬೇಡ ಅಂದಿದ್ನಲ್ಲೇ!"

"ಮುಟ್ಟಿದ್ದಕ್ಕೆ ಆಮೇಲೆ ಬೈಯಿರಿ. ಮೊದ್ಲು ಈ ಎಲೆ ಬುಡ ನೋಡಿ. ಕಾಡಿಂದಕ್ಕೆ ಬಾಚಣಿಗೆ ಥರ ಹಲ್ಲಿದೆ. ಇದಕ್ಕಿಲ್ಲ."

ಅತ್ತೆ ಎರಡು ಎಲೆಯನ್ನೂ ಕಣ್ಣಿನಿಂದ ಒಂದು ಮೊಳ ದೂರ ಹಿಡಿದರು, ಆಮೇಲೆ ಹತ್ತಿರ, ಆಮೇಲೆ ಮತ್ತೆ ದೂರ. ಓದುವ ಕನ್ನಡಕ ಅವರು ಹಾಕುವುದಿಲ್ಲ, ಅದು ಮುದುಕಿಯರಿಗಂತೆ. ಗಡಿಯಾರದವರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. "ನಂಗೆ ಗಿಡ ಗೊತ್ತಿಲ್ಲಮ್ಮ. ಕೂದಲೆಳೆಯಂಥದ್ದನ್ನ ನೋಡೋದು ಮಾತ್ರ ಗೊತ್ತು, ಕೊಡಿ." ಎರಡನ್ನೂ ನೋಡಿ, "ಇದಕ್ಕೆ ಹಲ್ಲಿದೆ. ಇದು ಬೊಚ್ಚುಬಾಯಿ" ಎಂದು ತೀರ್ಪು ಕೊಟ್ಟರು. ಅತ್ತೆ ಕನ್ನಡಿಯನ್ನು ಕಿತ್ತುಕೊಂಡು ತಾವೂ ಕಣ್ಣಿಗೆ ಸಿಕ್ಕಿಸಲು ಹೋದರು. ಎರಡು ಸಲ ಅದು ಜಾರಿ ಮಣ್ಣಿಗೆ ಬಿತ್ತು. ಕೊನೆಗೆ ಕೈಯಲ್ಲೇ ಹಿಡಿದು, ಮಂಡಿಯೂರಿ, ಎಲೆ ನೋಡಿದರು, ಗಂಟು ನೋಡಿದರು, ಮತ್ತೆ ಎಲೆ ನೋಡಿದರು.

"ಗಂಟು ಗೊಂದಲವಾಗಿದೆ," ಅಂದರು ಏಳುತ್ತಾ. "ಯಜಮಾನ್ರೇ, ಗಿಡ ನಿಮ್ದು. ಇದನ್ನ ಹಂಗೇ ಬಿಟ್ಟು, ಇದು ಕಾಡೇ ಆಗಿದ್ರೆ, ಉಳಿದಿರೋ ನಾಲ್ಕು ಬೆರಳೂ ಸಾಯುತ್ತೆ. ಕಿತ್ತು, ಇವಳು ಹೇಳಿದ ಹಾಗೆ ನಿಮ್ಮ ಗುಲಾಬಿನೇ ಆಗಿದ್ರೆ, ಇರೋದೊಂದೂ ಹೋಯ್ತು. ಎರಡನೇ ಕಡ್ಡಿ ಎಲ್ಲೂ ಇಲ್ಲ. ಏನ್ಮಾಡ್ಲಿ ಹೇಳಿ."

ಗಡಿಯಾರದವರು ಕನ್ನಡಿಯ ಮಣ್ಣು ಒರೆಸುತ್ತಾ ನಿಂತರು. "ಒಂದ್ಸಲ ಗೊತ್ತಿಲ್ದೆ ಅಗೀರಿ ಅಂದು ಅನುಭವಿಸ್ತಿದೀನಿ. ಈ ಸಲ ಗೊತ್ತಿರೋರು ಹೇಳ್ಲಿ" ಎಂದು, ಅತ್ತೆಯನ್ನಲ್ಲ, ನನ್ನನ್ನು ನೋಡಿದರು.

"ಬಿಡಿ," ಅಂದೆ.

ಆಮೇಲಿನ ನಲವತ್ತು ದಿನ ಹೇಗೆ ಕಳೆದೆ ಅನ್ನುವುದಕ್ಕೆ ಡೈರಿಯೇ ಸಾಕ್ಷಿ, ಪ್ರತಿ ಪುಟದಲ್ಲೂ ಒಂದೇ ಗಿಡ. ಹನ್ನೊಂದನೆಯ ದಿನ ಹಳೆಯ ಕಡ್ಡಿ ಪೂರ್ತಿ ಕಪ್ಪಾಯಿತು. ಈಗ ಇದ್ದದ್ದು ಚಿಗುರೊಂದೇ. ನಾನು ಹೇಳಿದ್ದು ತಪ್ಪಾಗಿದ್ದರೆ, ಇಪ್ಪತ್ತಾರು ವರ್ಷದ ಗುಲಾಬಿಯನ್ನು ಗಡಿಯಾರದವರು ಅರ್ಧ ಕೊಂದರು, ಉಳಿದರ್ಧ ನಾನು. ಅತ್ತೆ ಅದರ ಸುದ್ದಿಯೇ ಎತ್ತಲಿಲ್ಲ. ಆದರೆ ಒಂದು ಬೆಳಿಗ್ಗೆ ನೋಡಿದರೆ ಪೈಪು ತಾಗದ ಹಾಗೆ ಕುಂಡದ ಸುತ್ತ ಇಟ್ಟಿಗೆ ಕೂರಿಸಿತ್ತು. ಗಿರಾಕಿಯೊಬ್ಬರು ಆ ಕಡೆ ಕೈ ಚಾಚಿದಾಗ, "ಅದನ್ನ ಮುಟ್ಬೇಡಿ, ಅದು ನಮ್ಮನೆ ವಿಜ್ಞಾನಿದು" ಎಂದು ಗದರಿದ್ದೂ ಕೇಳಿಸಿತು. ಗೇಲಿಯೋ ಅಲ್ಲವೋ ಎಂದು ತಿಳಿಯಲು ನಾನು ಶೆಡ್ಡಿನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದೆ. ತಿಳಿಯಲಿಲ್ಲ.

ಮೂವತ್ತನೆಯ ದಿನದ ಹೊತ್ತಿಗೆ ತುದಿಯಲ್ಲಿ ಮೊಗ್ಗು ಕಂಡಿತು. ಕಾಡಿನದಾದರೆ ಗೊಂಚಲು ಗೊಂಚಲು ಪುಟ್ಟ ಬಿಳಿ ಮೊಗ್ಗು ಬರಬೇಕು. ಇದು ಒಂಟಿ, ದಪ್ಪ. ಆದರೂ ನಾನು ಯಾರಿಗೂ ಹೇಳಲಿಲ್ಲ. ಹಸಿರು ಬಿರಿದು ಒಳಗಿನ ಬಣ್ಣ ಒಂದು ಗೆರೆಯಷ್ಟು ಕಂಡ ದಿನ ಅಂಗಡಿಯವರೆಗೆ ನಡೆದು ಹೋಗಿ, ಬಾಗಿಲಲ್ಲಿ ನಿಂತು, "ಮೂರು ದಿನ ಬಿಟ್ಟು ಅಮ್ಮಾವ್ರನ್ನ ಕರ್ಕೊಂಡು ಬನ್ನಿ" ಅಂದೆ. ಅಷ್ಟು ಗಟ್ಟಿಯಾಗಿ ನಾನು ಬೀದಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಅವರ ಹೆಂಡತಿ ಬಂದರು. ಗಂಡನಿಗಿಂತ ಹತ್ತು ಹೆಜ್ಜೆ ಮುಂದೆ, ಹಿಂದೆ ಯಾರೂ ಬರುತ್ತಿಲ್ಲ ಅನ್ನುವ ಹಾಗೆ. ಕುಂಡದ ಮುಂದೆ ನಿಂತು ನೋಡಿದರು. ಜೇನಿನ ಬಣ್ಣದ ಹೂ ಅಂಗೈಯಗಲ ಬಿಚ್ಚಿತ್ತು. ಬಗ್ಗಿ ಮೂಸಿದರು. ಒಂದು ದಳದ ಅಂಚನ್ನು ಬೆರಳಿನಿಂದ ಸವರಿ, "ನಾಳಿದ್ದು ಇಲ್ಲಿಂದ ಕೆಂಪಾಗುತ್ತೆ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಿಮ್ಮ ಕೈ ಚಿನ್ನದ ಕೈ" ಅಂದರು.

"ನನ್ನ ಕೈಯಲ್ಲಮ್ಮ," ಅಂದರು ಅತ್ತೆ. ನರ್ಸರಿಯಲ್ಲಿ ಆಗ ನಾಲ್ಕು ಜನ ಗಿರಾಕಿಗಳಿದ್ದರು, ಎಲ್ಲರಿಗೂ ಕೇಳಿಸುವ ಹಾಗೇ ಅಂದರು. "ನಾನು ಕಟ್ಟಿದ ಮೂರೂ ಸತ್ವು. ಇದು ನನ್ನ ತಮ್ಮನ ಮಗಳು ಕಟ್ಟಿದ್ದು. ಅಷ್ಟೇ ಅಲ್ಲ, ನಾನು ಕಾಡು ಅಂತ ಕಿತ್ತು ಹಾಕೋಕೆ ಹೊರಟಿದ್ದೆ. ಕೈ ಅಡ್ಡ ಹಿಡಿದು ಉಳಿಸಿದ್ಲು. ಮುಳ್ಳು ಚುಚ್ಚಿ ರಕ್ತ ಬರ್ತಿತ್ತು, ಬಿಡ್ಲಿಲ್ಲ."

ನನಗೆ ನೆಲ ನೋಡಬೇಕೆನ್ನಿಸಿತು. ನೋಡಲಿಲ್ಲ, ಹೂವನ್ನೇ ನೋಡುತ್ತಾ ನಿಂತೆ. ಆ ಅಮ್ಮ ನನ್ನ ಗಲ್ಲ ಹಿಡಿದು ಒಂದು ಸಲ ಅಲ್ಲಾಡಿಸಿದರು. ಬಳಿಕ ತಲೆ ತಿರುಗಿಸದೆಯೇ, "ನಿಂತು ಏನು ನೋಡ್ತೀರಾ, ಎತ್ಕೊಳ್ಳಿ. ಓರೆ ಮಾಡ್ಬೇಡಿ" ಅಂದರು.

ಅದು ಯಾರಿಗೆ ಹೇಳಿದ್ದು ಎಂದು ತಿಳಿಯಲು ಗಡಿಯಾರದವರಿಗೆ ಕ್ಷಣ ಬೇಕಾಯಿತು. "ಆಗ್ಲಿ, ಆಗ್ಲಿ" ಎಂದು ಕುಂಡವನ್ನು ಎದೆಗವಚಿಕೊಂಡು, ಮೂಗಿಗೆ ಮುಳ್ಳು ತಾಗುತ್ತಿದ್ದರೂ ಮುಖ ಅಗಲ ಮಾಡಿಕೊಂಡು ಹೊರಟರು. ಗೇಟು ದಾಟುವಾಗ ಹೆಂಡತಿ ಹತ್ತು ಹೆಜ್ಜೆ ಮುಂದಿರಲಿಲ್ಲ. ಪಕ್ಕದಲ್ಲೇ ನಡೆಯುತ್ತಾ, ಕುಂಡ ಹಿಡಿಯುವುದು ಹೇಗೆಂದು ಬೈಯುತ್ತಿದ್ದರು.

ಗಿರಾಕಿಗಳು ಹೋದ ಮೇಲೆ ಅತ್ತೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತರು.

"ಮೂವತ್ತೆರಡು ವರ್ಷ," ಅಂದರು. "ಎಷ್ಟು ಕಿತ್ತಿದೀನೋ."

ಆಮೇಲೆ ಸೀದಾ ತಮ್ಮ ಸಾಲಿಗೆ ನಡೆದು, ಮಂಡಿ ಹಿಡಿದುಕೊಂಡು ಒಂದು ಕುಂಡದ ಮುಂದೆ ಕೂತು, ತಾವೇ ಹೊದಿಸಿದ ಮಣ್ಣನ್ನು ಬೆರಳಿನಿಂದ ಸರಿಸತೊಡಗಿದರು. ಗಂಟು ಕಂಡ ಮೇಲೆ ನನ್ನನ್ನು ಕೂಗಿದರು.

"ಲೇ, ಬಾ ಇಲ್ಲಿ. ಏಳೆಲೆ ಇದೆ. ಹೇಳು."

ಪಕ್ಕದಲ್ಲಿ ಕೂತು ನೋಡಿದೆ. ಚಿಗುರು ಗಂಟಿನ ಕೆಳಗಿಂದ ಎದ್ದಿತ್ತು. ಎಲೆಯ ಬುಡದಲ್ಲಿ ಬಾಚಣಿಗೆ.

"ಕಾಡು, ಅತ್ತೆ."

"ಖಂಡಿತಾನಾ?"

"ಖಂಡಿತ."

ಅತ್ತೆ ಅದನ್ನು ಬುಡದಿಂದ ಲಟಕ್ಕನೆ ಕಿತ್ತು ಹಿಂದಕ್ಕೆ ಎಸೆದರು. "ಮುಂದಿಂದು" ಎಂದು ಕೂತಲ್ಲೇ ಜರುಗಿ ನನಗೆ ಜಾಗ ಬಿಟ್ಟರು. ಆ ಸಾಲಿನಲ್ಲಿ ಇನ್ನೂ ನಲವತ್ತು ಕುಂಡಗಳಿದ್ದವು.